ಮಣ್ಣು ಮುಟ್ಟಿದ ಕೈ ಅಕ್ಷರವನ್ನೂ ಹಿಡಿಯುತ್ತದೆ

(ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ ಭಾಗದ ಸ್ವ-ಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ಹಸ್ತ, ಚಿತ್ತಿ ಮಳೆಯ ದಿನಗಳಿವು. ಎರಿ ಹೊಲದಲ್ಲಿ ಹಿಂಗಾರಿ ಜೋಳ, ಕಡಲೆ ಬಿತ್ತನೆ ನಡೆದಿದೆ. ತೊಗರಿ ಹೂ ಹಿಡಿಯುವ ಕಾಲ. ಹತ್ತಿ ಒಡೆಯಲಿಕ್ಕೆ ಹತ್ತಿದೆ. ಈಗ ನಿಮಗೆ ಕೂತು ಮಾತಾಡಲಿಕ್ಕೆ ಪುರುಸೊತ್ತಿಲ್ಲ, ನನಗೆ ಗೊತ್ತು. ಆದರೂ ಇವತ್ತಿನ ವಿಷಯ ಈ ತಿಂಗಳಿಗೇ ಸೇರಿದ್ದು. ನಮ್ಮ ಮನೆಯ ಮೂರರಿಂದ ಆರು ವರ್ಷದ ಮಕ್ಕಳು ಈ ದಿನಗಳಲ್ಲಿ ಏನು ಮಾಡ್ತಾರೆ, ಏನು ಕಲೀತಾರೆ ಅನ್ನೋದು.

ಮಕ್ಕಳಿಗೆ ಮಣ್ಣು, ಕಾಳು, ಎಲೆ ಕೊಟ್ಟು ಕಲಿಸಬೇಕು ಅಂದರೆ ಕೆಲವರು ಕೇಳ್ತಾರೆ: "ಸಿಸ್ಟರ್, ನಾವು ಜೀವಮಾನ ಎಲ್ಲಾ ಮಣ್ಣಾಗೇ ಕಳದೀವಿ. ನಮ್ಮ ಮಕ್ಕಳ ಕೈಗೂ ಮಣ್ಣೇ ಯಾಕ್ರೀ? ಅವು ಎ ಬಿ ಸಿ ಡಿ ಕಲೀಲಿ." ಈ ಮಾತಿನಲ್ಲಿ ನೋವಿದೆ, ಅದನ್ನು ತಳ್ಳಿಹಾಕಬಾರದು. ಆದರೆ ಒಂದು ವಿಚಾರ ಮಾಡಿ. ಪೆನ್ಸಿಲ್ ಹಿಡಿಯಲಿಕ್ಕೆ ಬೆರಳಿಗೆ ಬಲ ಬೇಕು. ಆ ಬಲ ಮಣ್ಣು ನಾದುವಾಗ, ಕಾಳು ಆರಿಸುವಾಗ ಬರುತ್ತದೆ. ಹತ್ತು ಕಡಲೆ ಎಣಿಸಿದ ಮಗುವಿಗೆ ಹತ್ತು ಅಂದರೆ ಏನು ಅಂತ ತಿಳಿಯುತ್ತದೆ. ಬರೀ ಬಾಯಿಪಾಠ ಮಾಡಿದ ಮಗುವಿಗೆ ಅದರ ಶಬ್ದ ಮಾತ್ರ ಗೊತ್ತಿರುತ್ತದೆ.

ಮಾಂಟೆಸ್ಸರಿ ಅನ್ನೋ ಹೆಸರು ನೀವು ಪಟ್ಟಣದ ಶಾಲೆಗಳ ಬೋರ್ಡಿನಲ್ಲಿ ನೋಡಿರಬಹುದು. ಅದು ಇಟಲಿಯ ಒಬ್ಬ ವೈದ್ಯೆಯ ಹೆಸರು, ಮಾರಿಯಾ ಮಾಂಟೆಸ್ಸರಿ. 1907ರಲ್ಲಿ ರೋಮ್ ನಗರದ ಬಡ ಓಣಿಯೊಂದರಲ್ಲಿ ಅವರು ಮಕ್ಕಳ ಮನೆ ಶುರು ಮಾಡಿದರು. ಅಪ್ಪ ಅಮ್ಮ ದುಡಿಯಲಿಕ್ಕೆ ಹೋದ ಮೇಲೆ ನೋಡುವವರಿಲ್ಲದ ಮಕ್ಕಳೇ ಅಲ್ಲಿಗೆ ಬಂದವರು. 1939ರಲ್ಲಿ ಅವರು ನಮ್ಮ ದೇಶಕ್ಕೂ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಮಕ್ಕಳು ಕೈಯಿಂದ ಮಾಡಿ ಕಲೀತಾರೆ ಅನ್ನೋದೇ ಅವರ ಪದ್ಧತಿ. ಇವತ್ತು ಸಾವಿರಾರು ರೂಪಾಯಿ ಫೀಸು ಕಟ್ಟಿ ಕೊಳ್ಳುವ ಕಲಿಕೆ ನಿಮ್ಮಂಥ ದುಡಿಯುವ ತಾಯಂದಿರ ಮಕ್ಕಳಿಂದಲೇ ಶುರುವಾದದ್ದು.

ಈ ತಿಂಗಳು ಮಾಡಿಸಬಹುದಾದ ಕೆಲವು ಚಟುವಟಿಕೆ ಹೇಳ್ತೀನಿ. ಯಾವುದಕ್ಕೂ ಖರ್ಚಿಲ್ಲ.

ಒಂದು, ಎರಿ ಮಣ್ಣು, ಮಸಾರಿ ಮಣ್ಣು ಎರಡನ್ನೂ ಕಲಸಿ ಉಂಡಿ ಮಾಡಿಸಿ ಬಿಸಿಲಿಗಿಡಿ. ಎರಿ ಮಣ್ಣಿನ ಉಂಡಿ ಹೆಚ್ಚು ಬಿರುಕು ಬಿಡುತ್ತದೆ. ಮಗು ಯಾಕೆ ಅಂತ ಕೇಳುತ್ತದೆ. ಎರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ ಅಂತ ಹೇಳಿ. ಬೇಸಿಗೆಯಲ್ಲಿ ಹೊಲ ಬಾಯಿ ಬಿಡೋದು ಅದಕ್ಕೇ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ ಮಕ್ಕಳಿಗೆ ಇದು ಹೊಸದೇನಲ್ಲ.

ಎರಡು, ತೊಳೆದ ಬಾಟಲಿಯಲ್ಲಿ ಒಂದು ಹಿಡಿ ಮಣ್ಣು, ನೀರು ಹಾಕಿ ಅಲ್ಲಾಡಿಸಿ ಇಡಿ. ಮೊದಲು ಉಸುಕು ತಳಕ್ಕೆ ಕೂಡುತ್ತದೆ. ಅದರ ಮೇಲೆ ಸಣ್ಣ ಮಣ್ಣು. ನೀರು ತಿಳಿಯಾಗಲಿಕ್ಕೆ ಬಹಳ ಹೊತ್ತು ಬೇಕು.

ಮೂರು, ಹೆಸರು, ಕಡಲೆ, ಜೋಳ ಮೂರನ್ನೂ ಒಂದೇ ದಿನ ಒಡೆದ ಗಡಿಗೆಯ ಮಣ್ಣಿನಲ್ಲಿ ಹಾಕಿಸಿ. ಹೆಸರು ತನ್ನ ಎರಡು ಬೇಳೆಯನ್ನೂ ಹೊತ್ತುಕೊಂಡು ಮೇಲೆ ಬರುತ್ತದೆ. ಕಡಲೆ ಬೇಳೆಯನ್ನು ಮಣ್ಣೊಳಗೇ ಬಿಟ್ಟು ಕುಡಿ ಮಾತ್ರ ಕಳಿಸುತ್ತದೆ. ಜೋಳ ಒಂದೇ ಎಲೆ ಸುರುಳಿ ಮಾಡಿಕೊಂಡು ಸೂಜಿಯ ಹಾಗೆ ಬರುತ್ತದೆ. ದಿನಾ ನೋಡಲಿ, ದಿನಾ ಹೇಳಲಿ. ಭಾಷೆ ಬೆಳೆಯೋದು ಹೀಗೇ.

ನಾಲ್ಕು, ಶೀಗಿ ಹುಣ್ಣಿಮೆಗೋ ಎಳ್ಳಮಾವಾಸ್ಯೆಗೋ ಚರಗ ಚೆಲ್ಲಲಿಕ್ಕೆ ಹೊಲಕ್ಕೆ ಹೋಗ್ತೀರಲ್ಲ, ಆಗ ಮಗುವಿಗೆ ಹತ್ತಿ ಹೂ ತೋರಿಸಿ. ಅರಳಿದ ದಿನ ಕೆನೆ ಬಣ್ಣ ಇರುತ್ತದೆ, ಮರುದಿನ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಒಂದೇ ಗಿಡದಲ್ಲಿ ಎರಡೂ ಬಣ್ಣ ಕಾಣಬಹುದು. ಆದರೆ ದೂರದಿಂದ ನೋಡಲಿ, ಮುಟ್ಟೋದು ಬೇಡ. ಯಾಕೆ ಅಂತ ಮುಂದೆ ಹೇಳ್ತೀನಿ.

ರಾಯಚೂರು ನಗರದ ತಾಯಂದಿರು ನಮಗೆ ಹೊಲ ಇಲ್ಲ ಅನ್ನಬೇಡಿ. ಓಣಿಯಲ್ಲಿ ಬೇವಿನ ಗಿಡ ಇದೆ. 1294ರ ಶಾಸನ ಇರುವ ಕೋಟೆ ಇದೆ. ಅದರ ಕಲ್ಲನ್ನು ಮುಂಜಾನೆ ಒಮ್ಮೆ, ಬಿಸಿಲೇರಿದ ಮೇಲೆ ಒಮ್ಮೆ ಮುಟ್ಟಿಸಿ. ತಂಪು, ಬಿಸಿ, ನೆರಳು ಎಲ್ಲಾ ಅಲ್ಲೇ ಕಲಿಯಬಹುದು.

ಈಗ ಮುಖ್ಯ ಮಾತು. ಹತ್ತಿ ಬಿಡಿಸುವ ಕೂಲಿ ಹೆಚ್ಚಾಗಿ ಕಿಲೋ ಲೆಕ್ಕ. ಒಂದು ಕೈ ಹೆಚ್ಚಾದರೆ ನಾಲ್ಕು ದುಡ್ಡು ಹೆಚ್ಚು. ಹಾಗಾಗಿ ದಸರಾ ರಜೆಗೆ ಅಂತ ಹೊಲಕ್ಕೆ ಬಂದ ಹುಡುಗಿ ರಜೆ ಮುಗಿದರೂ ಶಾಲೆಗೆ ತಿರುಗಿ ಹೋಗೋದಿಲ್ಲ. ಇಲ್ಲವೇ ತಮ್ಮನನ್ನು ನೋಡಿಕೊಳ್ಳಲಿಕ್ಕೆ ಮನೆಯಲ್ಲೇ ಉಳೀತಾಳೆ. "ಇದೂ ಮಣ್ಣಿನ ಕಲಿಕೆನೇ ಅಲ್ಲೇನ್ರೀ ಸಿಸ್ಟರ್?" ಅಂತ ಯಾರಾದರೂ ಕೇಳಬಹುದು. ಅಲ್ಲ. ಮಗು ಸಾಕು ಅಂದಾಗ ನಿಲ್ಲಿಸಬಹುದಾದರೆ ಅದು ಕಲಿಕೆ. ಸಾಕು ಅಂದರೂ ಚೀಲ ತುಂಬುವ ತನಕ ನಿಲ್ಲಿಸದಿದ್ದರೆ ಅದು ದುಡಿಮೆ. 2016ರಲ್ಲಿ ತಿದ್ದುಪಡಿಯಾದ ಕಾಯ್ದೆಯ ಪ್ರಕಾರ 14 ವರ್ಷದೊಳಗಿನ ಮಕ್ಕಳನ್ನು ಕೂಲಿಗೆ ಇಟ್ಟುಕೊಳ್ಳುವಂತಿಲ್ಲ. ಸ್ವಂತ ಮನೆಯ ಕೆಲಸಕ್ಕೆ ಸಹಾಯ ಮಾಡುವುದಾದರೂ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮಾತ್ರ, ಅದೂ ಅಪಾಯ ಇಲ್ಲದ ಕೆಲಸ.

ಅಪಾಯ ಅಂದೆ. ಎಣ್ಣಿ ಹೊಡೆದ ಹತ್ತಿ ಹೊಲ ಮಕ್ಕಳು ಆಡುವ ಜಾಗ ಅಲ್ಲ. ಅಲ್ಲಿಯ ಮಣ್ಣು, ಎಲೆ, ಹೂ ಮುಟ್ಟಿಸಬೇಡಿ. ಖಾಲಿ ಎಣ್ಣಿ ಡಬ್ಬಿಯನ್ನು ಎಷ್ಟು ತೊಳೆದರೂ ಮನೆಗೆ ತರಬೇಡಿ. ಆಟಕ್ಕೆ ಬೇಕಾದ ಮಣ್ಣನ್ನು ಜನ ಬಯಲಿಗೆ ಹೋಗದ, ಔಷಧ ಬೀಳದ ಜಾಗದಿಂದ ತನ್ನಿ. ಮಕ್ಕಳ ಕಾಲಿಗೆ ಚಪ್ಪಲಿ ಇರಲಿ, ಕೊಕ್ಕೆಹುಳು ಬರಿಗಾಲಿನಿಂದಲೇ ಒಳಗೆ ಹೋಗುತ್ತದೆ. ಆಟ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಸಿ. ಅಂಗನವಾಡಿಯಲ್ಲಿ ಕೊಡುವ ಜಂತುಹುಳದ ಮಾತ್ರೆ ತಪ್ಪಿಸಬೇಡಿ.

ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಅಂಗನವಾಡಿ ಅಂದರೆ ಬರೀ ಊಟ, ಮೊಟ್ಟೆ ಅಲ್ಲ. ಶಾಲಾಪೂರ್ವ ಶಿಕ್ಷಣವೂ ಅದರ ಕೆಲಸ. ಅಲ್ಲಿ ಕೈಗೆ ಕೆಲಸ ಇದ್ದರೆ ಸಣ್ಣ ಮಗು ಅಳದೆ ಕೂಡುತ್ತದೆ. ಸಣ್ಣದು ಕೂತರೆ ಅಕ್ಕ ಶಾಲೆಗೆ ಹೋಗ್ತಾಳೆ. ಒಂದು ಹಿಡಿ ಮಣ್ಣಿನಿಂದ ಇಬ್ಬರು ಮಕ್ಕಳ ಓದು ಉಳಿಯುತ್ತದೆ.

ಆದ್ದರಿಂದ ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಈ ವಿಷಯ ತೆಗೆದುಕೊಳ್ಳಿ. ಹತ್ತಿ ಬಿಡಿಸುವ ದಿನಗಳಲ್ಲಿ ಯಾರ ಮನೆಯ ಮಗು ಎಲ್ಲಿರುತ್ತದೆ ಅಂತ ಒಬ್ಬೊಬ್ಬರೂ ಹೇಳಿ. ವಾರಕ್ಕೊಬ್ಬರು ಪಾಳಿಯಂತೆ ಅರ್ಧ ತಾಸು ಅಂಗನವಾಡಿಗೆ ಹೋಗಿ. ಮಣ್ಣು, ಕಾಳು ನೀವೇ ಒಯ್ಯಿರಿ, ಕಾರ್ಯಕರ್ತೆಗೆ ಜೊತೆಯಾಗಿ. ಅಲ್ಲಿ ನೀರು, ನೆರಳು ಇಲ್ಲದಿದ್ದರೆ ಬಾಲವಿಕಾಸ ಸಮಿತಿಯಲ್ಲಿ ಕೇಳಿ. ಕೆಲಸಕ್ಕೆ ಹೋಗುವಾಗ ನಮ್ಮ ಸಂಘದ ಯಾರೂ ಶಾಲೆಗೆ ಹೋಗುವ ಮಗುವನ್ನು ಕರೆದೊಯ್ಯುವುದಿಲ್ಲ ಅಂತ ಠರಾವು ಬರೆದು ಎಲ್ಲರೂ ಸಹಿ ಮಾಡಿ. ಹೆಬ್ಬೆಟ್ಟಾದರೂ ನಡೆಯುತ್ತದೆ.

ಬೀಜ ಯಾವಾಗ ಹಾಕಬೇಕು, ಎಷ್ಟು ಆಳಕ್ಕೆ ಹಾಕಬೇಕು ಅನ್ನೋ ವಿದ್ಯೆ ನಿಮ್ಮಲ್ಲಿದೆ. ನಾನು ಪುಸ್ತಕದಲ್ಲಿ ಓದಿದ್ದಕ್ಕಿಂತ ಹೆಚ್ಚು ನಿಮ್ಮ ಕೈಗೆ ಗೊತ್ತು. ಅದನ್ನು ಮಕ್ಕಳಿಗೆ ಆಟವಾಗಿ ಕೊಡಿ, ಕೂಲಿಯಾಗಿ ಕೊಡಬೇಡಿ.