ಗಣಕಯಂತ್ರದೊಳಗೊಂದು ಹಾಡಿನ ಪೆಟ್ಟಿಗೆ

ನೀವು ಜನಪದ ಗೀತೆಗಳನ್ನು ಸಂಗ್ರಹಿಸಲು ನಾಲ್ಕಾರು ಹಳ್ಳಿಗಳನ್ನು ಸುತ್ತಿ ಬಂದಿದ್ದೀರಿ ಎಂದಿಟ್ಟುಕೊಳ್ಳೋಣ. ಕೈಯಲ್ಲಿ ಇನ್ನೂರು ಹಾಡುಗಳಿವೆ. ಅವನ್ನು ಗಣಕಯಂತ್ರದಲ್ಲಿ ಎಲ್ಲಿ ಇಡುತ್ತೀರಿ? ಸಾಲು, ಕಂಬಗಳ ಕೋಷ್ಟಕ ಹಾಕುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಆದರೆ ಹತ್ತು ಹಾಡು ತುಂಬುವಷ್ಟರಲ್ಲಿ ತೊಡಕು ಶುರುವಾಗುತ್ತದೆ. ಬೀಸುವ ಪದಕ್ಕೆ ಹಾಡಿದಾಕೆ ಒಬ್ಬಳೇ. ಗೀಗೀ ಪದಕ್ಕೆ ಮುಖ್ಯ ಗಾಯಕ, ಹಿಮ್ಮೇಳದವರು, ವಾದ್ಯ ಎಲ್ಲ ಬೇಕು. ಸೋಬಾನೆ ಪದವಾದರೆ ಮದುವೆಯ ಯಾವ ಶಾಸ್ತ್ರಕ್ಕೆ ಹಾಡಿದ್ದು ಎಂಬುದನ್ನು ಬರೆಯದಿದ್ದರೆ ಅರ್ಧ ಅರ್ಥವೇ ಹೋಯಿತು. ಎಲ್ಲವನ್ನೂ ಒಂದೇ ಕೋಷ್ಟಕಕ್ಕೆ ತುರುಕಿದರೆ ಮುಕ್ಕಾಲು ಮನೆಗಳು ಖಾಲಿ ಉಳಿಯುತ್ತವೆ.

ಇಂಥ ಕಡೆ ಉಪಯೋಗಕ್ಕೆ ಬರುವುದು ಡಾಕ್ಯುಮೆಂಟ್ ಡೇಟಾಬೇಸ್. ಇಲ್ಲಿ ಪ್ರತಿಯೊಂದು ಹಾಡೂ ಒಂದು ಬಿಡಿ ದಾಖಲೆ. ಯಾವ ದಾಖಲೆಯಲ್ಲಿ ಏನೇನು ಇರಬೇಕೆಂಬುದನ್ನು ಆ ಹಾಡೇ ನಿರ್ಧರಿಸುತ್ತದೆ. ಈ ಬಗೆಯ ತಂತ್ರಾಂಶಗಳು ಹಲವು ಇವೆ. ಇವತ್ತು ನಾವು ಕೌಚ್‌ಡಿಬಿ ಎಂಬುದನ್ನು ತೆಗೆದುಕೊಳ್ಳೋಣ. ಡೇಮಿಯನ್ ಕಾಟ್ಜ್ ಎಂಬುವರು 2005ರಲ್ಲಿ ಇದನ್ನು ಆರಂಭಿಸಿದರು. 2008ರಲ್ಲಿ ಇದು ಅಪಾಚೆ ಪ್ರತಿಷ್ಠಾನದ ಯೋಜನೆಯಾಯಿತು. ಬೆಲೆ ಕೊಡಬೇಕಾಗಿಲ್ಲ. ಬ್ರೌಸರ್ ಒಂದಿದ್ದರೆ ಇದರೊಡನೆ ಮಾತಾಡಬಹುದು ಎಂಬುದೇ ನಾನು ಇದನ್ನು ಆರಿಸಿದ್ದಕ್ಕೆ ಮುಖ್ಯ ಕಾರಣ.

ಅಪಾಚೆ ತಾಣದಿಂದ ವಿಂಡೋಸ್‌ನ ಕಡತವನ್ನು ಇಳಿಸಿಕೊಂಡು ತೆರೆಯಿರಿ. ಯಾವ ಫೋಲ್ಡರ್‌ನಲ್ಲಿ ಕೂರಿಸಬೇಕೆಂದು ಕೇಳಿದಾಗ, ಹೆಸರಿನ ನಡುವೆ ತೆರಪು ಇಲ್ಲದ ಫೋಲ್ಡರನ್ನೇ ಕೊಡಿ. ಮುಂದೆ ಅದು ಆಡಳಿತಗಾರನ ಹೆಸರು ಮತ್ತು ಗುಪ್ತಪದ ಕೇಳುತ್ತದೆ. ಇಲ್ಲಿ ಸ್ವಲ್ಪ ನಿಲ್ಲೋಣ.

ಮೊದಮೊದಲು ಈ ತಂತ್ರಾಂಶಕ್ಕೆ ಗುಪ್ತಪದ ಕಡ್ಡಾಯವಾಗಿರಲಿಲ್ಲ. ಬಾಗಿಲು ತೆರೆದೇ ಇರುತ್ತಿತ್ತು, ಬಂದವರೆಲ್ಲ ಯಜಮಾನರು. 2017ರ ಜನವರಿಯಲ್ಲಿ ಏನಾಯಿತು ಗೊತ್ತೆ? ಅಂತರಜಾಲಕ್ಕೆ ಬಾಗಿಲು ತೆರೆದಿಟ್ಟುಕೊಂಡಿದ್ದ ಸಾವಿರಾರು ಮಾಂಗೋಡಿಬಿ ಸಂಚಯಗಳಿಗೆ ದುಷ್ಕರ್ಮಿಗಳು ನುಗ್ಗಿ, ಇದ್ದದ್ದನ್ನೆಲ್ಲ ಅಳಿಸಿ, ಹಣ ಕೊಟ್ಟರೆ ಹಿಂತಿರುಗಿಸುತ್ತೇವೆ ಎಂಬ ಚೀಟಿ ಬಿಟ್ಟುಹೋದರು. ಅದೇ ತಿಂಗಳು ಕೌಚ್‌ಡಿಬಿ ಇಟ್ಟುಕೊಂಡಿದ್ದ ಕೆಲವರಿಗೂ ಅದೇ ಗತಿಯಾಯಿತು. 2020ರಲ್ಲಿ ಬಂದ 3.0 ಆವೃತ್ತಿಯಿಂದ ಈಚೆಗೆ ಆಡಳಿತಗಾರನ ಗುಪ್ತಪದವಿಲ್ಲದೆ ಇದು ಚಾಲೂ ಆಗುವುದೇ ಇಲ್ಲ. ನಿಮ್ಮ ಊರಿನ ಹೆಸರನ್ನೋ ಹುಟ್ಟಿದ ದಿನವನ್ನೋ ಗುಪ್ತಪದ ಮಾಡಬೇಡಿ. ಇನ್ನೊಂದು ಮಾತು. ಮೊದಲಿಗೆ ಈ ತಂತ್ರಾಂಶ 127.0.0.1 ಎಂಬ ವಿಳಾಸಕ್ಕೆ ಮಾತ್ರ ಕಿವಿಗೊಡುತ್ತದೆ. ಅಂದರೆ ನಿಮ್ಮ ಯಂತ್ರದ ಹೊರಗಿನವರಿಗೆ ಅದು ಕಾಣುವುದಿಲ್ಲ. ಅದನ್ನು ಹಾಗೆಯೇ ಬಿಡಿ.

ಈಗ ಬ್ರೌಸರ್ ತೆರೆದು ಆ ವಿಳಾಸವನ್ನೇ ಬರೆದು, ವಿಸರ್ಗದಂಥ ಎರಡು ಚುಕ್ಕೆ ಇಟ್ಟು, 5984 ಎಂದು ಸೇರಿಸಿ. ಪರದೆಯ ಮೇಲೆ ‘ವೆಲ್‌ಕಮ್’ ಎಂಬ ಮಾತಿರುವ ಒಂದು ಸಾಲು ಬಂದರೆ ಯಂತ್ರ ಉಸಿರಾಡುತ್ತಿದೆ ಎಂದು ತಿಳಿಯಿರಿ. ಅದೇ ವಿಳಾಸದ ಕೊನೆಗೆ ಒಂದು ಓರೆಗೆರೆ, ಒಂದು ಅಡಿಗೆರೆ, ಬಳಿಕ ಯು, ಟಿ, ಐ, ಎಲ್, ಎಸ್ ಎಂಬ ಸಣ್ಣ ಅಕ್ಷರಗಳನ್ನು ಸೇರಿಸಿದರೆ ಕೆಲಸದ ಪುಟ ತೆರೆಯುತ್ತದೆ. ಅಲ್ಲಿ ಮೊದಲು ‘ಸಿಂಗಲ್ ನೋಡ್’ ಎಂಬುದನ್ನು ಆರಿಸಿ ಸಿದ್ಧತೆ ಮುಗಿಸಿ. ಆಮೇಲೆ ಹೊಸ ಸಂಚಯವೊಂದನ್ನು ತೆರೆಯಿರಿ. ಅದರ ಹೆಸರು ಮಾತ್ರ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಇರಬೇಕು. ಒಳಗಿನ ಬರಹವೆಲ್ಲ ಕನ್ನಡದಲ್ಲಿರಬಹುದು. ‘ಹಾಡಿದವರು’, ‘ಊರು’, ‘ಸಂದರ್ಭ’ ಎಂಬ ಶೀರ್ಷಿಕೆಗಳು ಕೂಡ.

ಆದರೆ ನೀವು ಬೆರಳಚ್ಚು ಮಾಡಿದ್ದು ಯೂನಿಕೋಡ್ ಕನ್ನಡವಾಗಿರಬೇಕು. ಹಳೆಯ ಆಸ್ಕಿ ಅಕ್ಷರಶೈಲಿಯಲ್ಲಿ ಬರೆದಿಟ್ಟ ಕಡತಗಳನ್ನು ಮೊದಲು ಪರಿವರ್ತಿಸಿಕೊಳ್ಳಿ. ಇಲ್ಲವಾದರೆ ಪರದೆಯ ಮೇಲೆ ಕನ್ನಡದಂತೆ ಕಂಡಿದ್ದು ಸಂಚಯದೊಳಗೆ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕೂರುತ್ತದೆ.

ದಾಖಲೆ ಬರೆಯುವಾಗ ಸಾಮಾನ್ಯವಾಗಿ ಎಡವುವ ಜಾಗಗಳು ಮೂರು. ಕೊನೆಯ ಸಾಲಿನ ಮುಂದೆ ಅಲ್ಪವಿರಾಮ ಇಡಬಾರದು. ಉದ್ಧರಣ ಚಿಹ್ನೆ ನೆಟ್ಟಗಿರಬೇಕು. ವರ್ಡ್‌ನಿಂದ ನಕಲು ಮಾಡಿದ ಬಾಗಿದ ಚಿಹ್ನೆಗಳನ್ನು ಇದು ಒಪ್ಪುವುದಿಲ್ಲ. ಮೂರನೆಯದು ನಮಗೇ ಮೀಸಲಾದದ್ದು: ಹಾಡಿದವರ ವಯಸ್ಸನ್ನು 72 ಎಂದು ಬರೆದರೆ ಅದು ಸಂಖ್ಯೆ, ೭೨ ಎಂದು ಕನ್ನಡ ಅಂಕಿಯಲ್ಲಿ ಬರೆದರೆ ತಪ್ಪು ಎನ್ನುತ್ತದೆ. ಕನ್ನಡ ಅಂಕಿಯೇ ಬೇಕೆಂದರೆ ಉದ್ಧರಣ ಚಿಹ್ನೆಯೊಳಗೆ ಇಡಿ, ಆದರೆ ಆಗ ಅದು ಬರಿಯ ಪದ. ಹೆಚ್ಚು ಕಡಿಮೆ ಲೆಕ್ಕ ಹಾಕಲಾಗದು.

ಉಳಿಸಿದ ಕೂಡಲೆ ದಾಖಲೆಗೆ ಎರಡು ಗುರುತುಗಳು ಅಂಟಿಕೊಳ್ಳುತ್ತವೆ. ಒಂದು ಅದರ ಕಾಯಂ ಗುರುತು. ಇನ್ನೊಂದು ಪರಿಷ್ಕರಣೆಯ ಗುರುತು. ತಿದ್ದಿದಾಗಲೆಲ್ಲ ಇದು ಬದಲಾಗುತ್ತದೆ. ಒಂದೇ ಹಾಡನ್ನು ನೀವೂ ನಿಮ್ಮ ಗೆಳತಿಯೂ ಏಕಕಾಲಕ್ಕೆ ತೆರೆದಿರಿ ಎನ್ನಿ. ಆಕೆ ಮೊದಲು ಉಳಿಸಿದಳು. ನಿಮ್ಮ ಕೈಯಲ್ಲಿರುವುದು ಹಳೆಯ ಗುರುತು. ನೀವು ಉಳಿಸಹೋದರೆ ಯಂತ್ರ 409 ಎಂಬ ಸಂಖ್ಯೆ ತೋರಿಸಿ ನಿರಾಕರಿಸುತ್ತದೆ. ಸಿಟ್ಟು ಮಾಡಿಕೊಳ್ಳಬೇಡಿ, ಆಕೆ ಸೇರಿಸಿದ ನುಡಿಯನ್ನು ನೀವು ಅರಿಯದೆ ಅಳಿಸದಂತೆ ಅದು ತಡೆಯಿತು. ಹೊಸ ಪ್ರತಿಯನ್ನು ತೆರೆದು ನಿಮ್ಮ ತಿದ್ದುಪಡಿ ಸೇರಿಸಿದರಾಯಿತು.

ಕರೆಂಟು ಹೋದರೆ? ನಮ್ಮಲ್ಲಿ ಕೇಳಲೇಬೇಕಾದ ಪ್ರಶ್ನೆ. ಈ ತಂತ್ರಾಂಶ ಹಳೆಯದರ ಮೇಲೆ ಹೊಸದನ್ನು ಬರೆಯುವುದಿಲ್ಲ, ಕಡತದ ಕೊನೆಗೆ ಸೇರಿಸುತ್ತ ಹೋಗುತ್ತದೆ. ನಡುವೆ ಕರೆಂಟು ಹೋದರೆ, ಮತ್ತೆ ಚಾಲೂ ಆದಾಗ ಹಿಂದಕ್ಕೆ ನೋಡುತ್ತ ಕೊನೆಯ ಪೂರ್ಣ ಬರಹದಿಂದ ಮುಂದುವರಿಯುತ್ತದೆ. ಅರ್ಧ ಬರೆದದ್ದು ಹೋಗಬಹುದು, ನಿನ್ನೆಯದು ಕೆಡುವುದಿಲ್ಲ. ಹಾಗೆಂದು ಹಳೆಯ ಪರಿಷ್ಕರಣೆಗಳೆಲ್ಲ ಸದಾ ಸಿಗುತ್ತವೆಂದು ನೆಚ್ಚಬೇಡಿ. ಜಾಗ ಉಳಿಸಲು ಕಡತವನ್ನು ಅಡಕಗೊಳಿಸುವಾಗ ಅವು ಅಳಿಯುತ್ತವೆ.

ಡಿಸ್ಕೇ ಕೆಟ್ಟರೆ ಮಾತ್ರ ಈ ಜಾಣತನ ಯಾವುದೂ ನೆರವಿಗೆ ಬಾರದು. ಎಂಬತ್ತು ದಾಟಿದ ಅಜ್ಜಿಯೊಬ್ಬರು ಹಾಡಿದ ಪದ ನಿಮ್ಮಲ್ಲಿದೆ. ಮುಂದಿನ ವರ್ಷ ಅವರಿಂದ ಅದನ್ನು ಮತ್ತೆ ಹಾಡಿಸಿಕೊಳ್ಳುವ ಅವಕಾಶ ಸಿಗುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ವಾರಕ್ಕೊಮ್ಮೆ ವಿಂಡೋಸ್‌ನ ಸರ್ವಿಸಸ್ ಪಟ್ಟಿಯಲ್ಲಿ ಕೌಚ್‌ಡಿಬಿಯನ್ನು ನಿಲ್ಲಿಸಿ, ಅದರ ‘ಡೇಟಾ’ ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವಿಗೆ ನಕಲು ಮಾಡಿ, ಮತ್ತೆ ಚಾಲೂ ಮಾಡಿ. ಪೆನ್‌ಡ್ರೈವನ್ನು ಗಣಕಯಂತ್ರದ ಮೇಜಿನಲ್ಲೇ ಇಡಬೇಡಿ. ಆ ನಕಲು ನಿಜವಾಗಿ ಕೆಲಸಕ್ಕೆ ಬರುತ್ತದೆಯೇ ಎಂದು ಇನ್ನೂರು ಹಾಡು ತುಂಬುವ ಮೊದಲೇ ನೋಡಬೇಕು. ಎರಡು ಸುಳ್ಳು ದಾಖಲೆ ಬರೆಯಿರಿ. ನಕಲು ತೆಗೆಯಿರಿ. ಸಂಚಯವನ್ನೇ ಅಳಿಸಿಬಿಡಿ. ಮತ್ತೆ ಸರ್ವಿಸ್ ನಿಲ್ಲಿಸಿ, ಹಳೆಯ ಫೋಲ್ಡರಿನ ಜಾಗದಲ್ಲಿ ನಕಲನ್ನು ಇಟ್ಟು ಚಾಲೂ ಮಾಡಿ. ಆ ಎರಡು ದಾಖಲೆಗಳು ಪರದೆಯ ಮೇಲೆ ಮರಳಿ ಬಂದ ದಿನ ಮೊದಲ ಹಾಡನ್ನು ಬರೆಯಲು ಕುಳಿತುಕೊಳ್ಳಿ.