ಬೀಳುವವನಿಗೆ ಗಾಳಿಯೇ ಆಸರೆ

ಬೆಕ್ಕನ್ನು ಬೆನ್ನು ಕೆಳಗಾಗಿ ಹಿಡಿದು ಬಿಟ್ಟರೂ ಅದು ಕಾಲೂರಿಯೇ ನೆಲಕ್ಕಿಳಿಯುತ್ತದೆ. ಇದು ನೀವೆಲ್ಲರೂ ಬಲ್ಲ ಸಂಗತಿ. ಆದರೆ ಇದರಲ್ಲೊಂದು ಒಗಟಿದೆ. ನಾವು ನಿಂತಲ್ಲಿ ತಿರುಗಬೇಕಾದರೆ ಪಾದದಿಂದ ನೆಲವನ್ನು ಒತ್ತುತ್ತೇವೆ. ನಡುಗಾಳಿಯಲ್ಲಿರುವ ಬೆಕ್ಕು ಯಾವುದನ್ನು ಒತ್ತಿ ತಿರುಗೀತು?

ಹಿಡಿದವನ ಕೈಯನ್ನೇ ಅದು ಒದ್ದಿರಬೇಕೆಂದು ಹಲವರು ಊಹಿಸಿದ್ದರು. 1894ರಲ್ಲಿ ಫ್ರಾನ್ಸಿನ ಶರೀರವಿಜ್ಞಾನಿ ಎತಿಯೆನ್ ಜೂಲ್ ಮರೇ, ಬೀಳುವ ಬೆಕ್ಕಿನ ಚಿತ್ರಗಳನ್ನು ಒಂದರ ಹಿಂದೊಂದರಂತೆ ತೆಗೆದು ತೋರಿಸಿದರು. ಕೈಬಿಟ್ಟ ಕ್ಷಣದಲ್ಲಿ ಬೆಕ್ಕು ತಿರುಗುತ್ತಿರಲೇ ಇಲ್ಲ! ಅದು ಮುಂಗಾಲು ಮಡಿಸಿ, ಹಿಂಗಾಲು ಚಾಚಿ, ನಡುವನ್ನು ತಿರುಚುತ್ತದೆ. ಮುಂಭಾಗ ಬಹಳವಾಗಿ ಒಂದು ಕಡೆಗೂ, ಹಿಂಭಾಗ ಸ್ವಲ್ಪವೇ ಎದುರು ಕಡೆಗೂ ತಿರುಗುತ್ತವೆ. ಮರುಗಳಿಗೆಯಲ್ಲಿ ಮುಂಗಾಲು ಚಾಚಿ, ಹಿಂಗಾಲು ಮಡಿಸಿ, ಹಿಂಭಾಗವನ್ನೂ ತಿರುಗಿಸಿಕೊಳ್ಳುತ್ತದೆ. ವಿಜ್ಞಾನಿಗಳು ಕೋನೀಯ ಸಂವೇಗವೆನ್ನುವ ಸುತ್ತಿನ ಮೊತ್ತ ಆಗಲೂ ಸೊನ್ನೆಯೇ. ಆದರೂ ಮೈ ಮಗುಚಿರುತ್ತದೆ.

ಮೊದಲೇ ಸುತ್ತುತ್ತಿರುವ ದೇಹಕ್ಕೆ ಈ ಉಪಾಯ ಸಾಲದು. ತಿರುಗುವ ಕುರ್ಚಿಯಲ್ಲಿ ಕುಳಿತು, ಕೈಚಾಚಿ ಸುತ್ತಿ ನೋಡಿ. ಕೈಗಳನ್ನು ಎದೆಗೆ ತಂದೊಡನೆ ಸುತ್ತು ಬಿರುಸಾಗುತ್ತದೆ. ಮತ್ತೆ ಚಾಚಿದರೆ ನಿಧಾನವಾಗುತ್ತದೆ. ಹೀಗೆ ಸುತ್ತನ್ನು ಹೆಚ್ಚು ಕಡಿಮೆ ಮಾಡಬಹುದು. ಹೊರಗಿನ ಆಸರೆಯಿಲ್ಲದೆ ನಿಲ್ಲಿಸಲಾಗದು.

ವಿಮಾನದಿಂದ ಧುಮುಕಿದವನಿಗೆ ಆ ಆಸರೆ ಗಾಳಿಯೇ. ಗಂಟೆಗೆ ಸುಮಾರು 200 ಕಿಲೋಮೀಟರು ವೇಗದಲ್ಲಿ ಬೀಳುವಾಗ ಗಾಳಿ ಬಲವಾಗಿ ಎದುರೊತ್ತುತ್ತದೆ. ಕೈಯನ್ನು ಕೊಂಚ ಓರೆಮಾಡಿದರೆ ಸಾಕು, ಚುಕ್ಕಾಣಿ ಹಿಡಿದ ದೋಣಿಯಂತೆ ಮೈ ತಿರುಗುತ್ತದೆ. ಅದನ್ನು ನಿಲ್ಲಿಸಲು ಎದುರು ಕಡೆಗೆ ಓರೆಮಾಡಿದರಾಯಿತು.

ಗಾಳಿಯೇ ವಿರಳವಾದಲ್ಲಿ? 1959ರ ನವೆಂಬರ್ 16ರಂದು ಅಮೆರಿಕದ ವಾಯುಪಡೆಯ ಜೋಸೆಫ್ ಕಿಟಿಂಗರ್ 76,400 ಅಡಿ ಎತ್ತರದಲ್ಲಿದ್ದ ಬಲೂನಿನಿಂದ ಧುಮುಕಿದರು. ಅಲ್ಲಿನ ಗಾಳಿ ನೆಲಮಟ್ಟದ ಗಾಳಿಯ ಇಪ್ಪತ್ತರಲ್ಲೊಂದು ಪಾಲಿನಷ್ಟೂ ದಟ್ಟವಲ್ಲ. ಕೈಕಾಲಿನ ಚುಕ್ಕಾಣಿ ಅಲ್ಲಿ ನಡೆಯದು. ಅದಕ್ಕೆಂದೇ ಕೊಟ್ಟಿದ್ದ ಪುಟ್ಟ ಪ್ಯಾರಾಷೂಟು ಹೊತ್ತಿಗೆ ಮೊದಲೇ ಹೊರಬಂದು ಅವರ ಕೊರಳಿಗೆ ಸುತ್ತಿಕೊಂಡಿತು. ಮೈ ನಿಮಿಷಕ್ಕೆ ಸುಮಾರು 120 ಸುತ್ತು ಸುತ್ತಿತು, ಪ್ರಜ್ಞೆ ತಪ್ಪಿತು. ತಾನಾಗಿ ಬಿಚ್ಚಿಕೊಳ್ಳುವ ಪ್ಯಾರಾಷೂಟೊಂದು ಪ್ರಾಣ ಉಳಿಸಿತು.

ಅವರು ಎದೆಗುಂದಲಿಲ್ಲ. 1960ರ ಆಗಸ್ಟ್ 16ರಂದು 1,02,800 ಅಡಿಯಿಂದ ಧುಮುಕಿದರು. ಈ ಸಲ ಪುಟ್ಟ ಪ್ಯಾರಾಷೂಟು ಸರಿಯಾಗಿ ಅರಳಿ, ಕೆಳಗೆ ದೊಡ್ಡದು ಬಿಚ್ಚಿಕೊಳ್ಳುವವರೆಗೆ, 4 ನಿಮಿಷ 36 ಸೆಕೆಂಡುಗಳ ಕಾಲ ಅವರ ಮೈಯನ್ನು ಹದದಲ್ಲಿಟ್ಟಿತು.

ನಿಮ್ಮ ಮನೆಯ ಮಕ್ಕಳು ಗಾಳಿಪಟಕ್ಕೆ ಬಾಲಂಗೋಚಿ ಕಟ್ಟುವಾಗ ಇದನ್ನು ನೆನೆಯಿರಿ. ಆ ಹರಕು ಬಟ್ಟೆಯ ತುಂಡು ಪಟಕ್ಕೆ ಮಾಡುವ ಉಪಕಾರವನ್ನೇ ಆ ಪುಟ್ಟ ಪ್ಯಾರಾಷೂಟು ಒಬ್ಬ ಮನುಷ್ಯನಿಗೆ ಮಾಡಿತು.