ಚಿತ್ತಾರದ ಬಟ್ಟೆಗೆ ಧೈರ್ಯದಿಂದ ಕತ್ತರಿ ಹಾಕ್ರಿ



ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಹೊಲಿಗೆ ಮಶೀನು ಇಲ್ಲದ ಓಣಿ ಹುಡುಕುವುದು ಕಷ್ಟ. ಆದರೆ ಆ ಮಶೀನಿನ ಮೇಲೆ ನಡೆಯುವ ಕೆಲಸ ನೋಡ್ರಿ: ಸೀರೆಗೆ ಫಾಲು, ಜಂಪರಿನ ಬದಿ ಬಿಗಿ ಮಾಡುವುದು, ಹುಡುಗರ ಹರಿದ ಪ್ಯಾಂಟಿಗೆ ಟಾಕಿ. ಮೂರು ತಿಂಗಳು ಕ್ಲಾಸಿಗೆ ಹೋಗಿ ಕಟಿಂಗ್ ಕಲಿತು ಸರ್ಟಿಫಿಕೇಟು ತಂದವರೂ ಹೊಸ ಬಟ್ಟೆಗೆ ಕತ್ತರಿ ಹಾಕುವ ಹೊತ್ತಿಗೆ ಹಿಂದೆ ಸರಿಯುತ್ತಾರೆ. ಎಲ್ಲಿ ಕೆಡುತ್ತದೋ ಅನ್ನುವ ಹೆದರಿಕೆ. ಬಟ್ಟೆ ಪೆಟ್ಟಿಗೆಯಲ್ಲೇ ಉಳಿಯುತ್ತದೆ, ಕಡೆಗೆ ಯಾರಿಗೋ ಆಯೇರಿ ಆಗಿ ಹೋಗುತ್ತದೆ.

ಅಂಥವರಿಗೆ ಇವತ್ತಿನ ನನ್ನ ಸಲಹೆ ಇಷ್ಟು: ಮೊದಲ ಅಂಗಿಗೆ ಸಾದಾ ಬಟ್ಟೆ ತರಬೇಡ್ರಿ. ಮೈತುಂಬ ಚಿತ್ರ ಇರುವ ಬಟ್ಟೆ ತರ್ರಿ. ಗಿಳಿ, ಮಾವಿನಕಾಯಿ, ಸೈಕಲ್ಲು, ಚಹಾದ ಕಪ್ಪು, ಕೊಡೆ ಹಿಡಿದ ಬೆಕ್ಕು, ನಿಮಗೆ ಖುಷಿ ಕೊಡುವುದು ಯಾವುದಾದರೂ ಸರಿ. ಸಾದಾ ಬಟ್ಟೆ ಸುಲಭ ಅಂತ ಎಲ್ಲರೂ ತಿಳಿದಿದ್ದಾರೆ, ಆದರೆ ತಿಳಿನೀಲಿ ಸಾದಾ ಬಟ್ಟೆಯ ಮೇಲೆ ಒಂದು ಹೊಲಿಗೆ ಓರೆಯಾದರೂ ಎದ್ದು ಕಾಣುತ್ತದೆ. ಚಿತ್ರದ ಬಟ್ಟೆಯಲ್ಲಿ ನೋಡುವವರ ಕಣ್ಣು ಬೆಕ್ಕಿನ ಕೊಡೆಯ ಮೇಲೆ ಇರುತ್ತದೆ. ನಿಮ್ಮ ಹೊಲಿಗೆ ಸೊಟ್ಟಗೆ ಹೋದದ್ದು ಅವರಿಗೆ ತಿಳಿಯುವುದಿಲ್ಲ.

ಇಂಥ ಬಟ್ಟೆ ಹಾಕಿಕೊಂಡು ಹೊರಗೆ ಹೋದರೆ ಜನ ನಗುತ್ತಾರೆ ಅನ್ನಬಹುದು. ನಮ್ಮ ನೈಟಿಗಳನ್ನು ಒಮ್ಮೆ ಕಣ್ಣು ತೆರೆದು ನೋಡ್ರಿ. ಐಫೆಲ್ ಗೋಪುರ, ಗೊಂಬೆ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಹೆಸರೇ ಗೊತ್ತಿಲ್ಲದ ಹಕ್ಕಿ, ಎಲ್ಲವನ್ನೂ ಹೊತ್ತುಕೊಂಡು ನಾವು ದಿನಾ ಅಂಗಳ ಗುಡಿಸುತ್ತೇವೆ, ಕಿರಾಣಿ ಅಂಗಡಿಗೂ ಮೇಲೊಂದು ಟವೆಲ್ ಹಾಕಿಕೊಂಡು ಹೋಗಿಬರುತ್ತೇವೆ. ಅದೇ ಬಟ್ಟೆಗೆ ಅಳತೆಯ ಭುಜ, ಸೊಂಟ, ಸರಿಯಾದ ತೋಳು ಕೊಟ್ಟರೆ ಗೋಕಾಕದ ಬಸ್ ಹತ್ತಬಹುದಾದ ಅಂಗಿ ಆಗುತ್ತದೆ.

ಹಾಗೆ ನೋಡಿದರೆ ಮೈಮೇಲೆ ಚಿತ್ರ ಹೊತ್ತು ತಿರುಗುವುದು ನಮಗೆ ಹೊಸದೂ ಅಲ್ಲ. ಧಾರವಾಡ, ಬೆಳಗಾವಿ ಸೀಮೆಯ ಕಸೂತಿಯಲ್ಲಿ ಏನಿಲ್ಲ? ಆನೆ, ತೇರು, ಪಲ್ಲಕ್ಕಿ, ಗೋಪುರ, ತುಳಸಿಕಟ್ಟೆ, ಗಿಳಿ. ಮದುವಣಗಿತ್ತಿಯ ಕಪ್ಪು ಚಂದ್ರಕಾಳಿ ಸೀರೆಯ ತುಂಬ ಇವೇ. ಗೋಕಾಕದ ಬಣ್ಣದ ಆಟಿಕೆಗಳನ್ನು, ನಿಜದ ಹಣ್ಣು ಅಂತ ಕಚ್ಚಲು ಹೋಗುವಂತೆ ಕಾಣುವ ಗೊಂಬೆ ಹಣ್ಣುಗಳನ್ನು ನೋಡಿ ಬೆಳೆದವರು ಬಾಳೆಹಣ್ಣಿನ ಅಚ್ಚಿನ ಬಟ್ಟೆಗೆ ನಾಚಿಕೊಳ್ಳುವುದು ಯಾಕೆ?

ಕಸೂತಿಗೂ ಈ ಕೆಲಸಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ, ಅದನ್ನು ಹೇಳಲೇಬೇಕು. ನಮ್ಮ ಹೆದರಿಕೆಯ ಬೇರು ಅಲ್ಲಿಯೂ ಇದೆ. ಕಸೂತಿಯ ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ಎಳೆ ಬಿಟ್ಟು ಒಂದು ಎಳೆ ಹಿಡಿದು ಹೋಗಿ, ಅದೇ ದಾರಿಯಲ್ಲಿ ತಿರುಗಿ ಬಂದು ಬಿಟ್ಟ ಜಾಗ ತುಂಬುತ್ತದೆ. ಗಂಟು ಇಲ್ಲ, ಹಿಂದೆಯೂ ಮುಂದೆಯೂ ಒಂದೇ ರೂಪ. ಹೋಗುವಾಗ ಒಂದು ಎಳೆಯ ಎಣಿಕೆ ತಪ್ಪಿದರೆ ಬರುವಾಗ ತೇರಿನ ಗಾಲಿ ಕೂಡುವುದಿಲ್ಲ, ಬಿಚ್ಚಲೇಬೇಕು. ಆ ಶಿಸ್ತು ನೋಡಿ ಬೆಳೆದ ಕಣ್ಣಿಗೆ ಪ್ರತಿ ತಪ್ಪೂ ಬಿಚ್ಚಬೇಕಾದ ತಪ್ಪೇ ಆಗಿ ಕಾಣುತ್ತದೆ. ಆದರೆ ಕಸೂತಿ ಹಾಕಿದ ಅಜ್ಜಿಯೇ ಅದೇ ಮನೆಯಲ್ಲಿ ಕೌದಿಯನ್ನೂ ಹೊಲಿಯುತ್ತಿದ್ದಳು. ಹಳೇ ಸೀರೆ, ಧೋತರ, ಹುಡುಗರ ಅಂಗಿಯ ತುಂಡು, ಉದ್ದ ಸಾಲದಿದ್ದಲ್ಲಿ ಇನ್ನೊಂದು ತುಂಡು. ಕೌದಿಯಲ್ಲಿ ತಪ್ಪು ಹುಡುಕಿದವರನ್ನು ನಾನು ಇನ್ನೂ ನೋಡಿಲ್ಲ. ಚಿತ್ತಾರದ ಅಂಗಿ ಹೊಲಿಯುವಾಗ ಕೈಗೆ ಮಶೀನಿನ ಶಿಸ್ತು ಇರಲಿ, ಮನಸ್ಸಿಗೆ ಕೌದಿಯ ಧಾರಾಳ ಇರಲಿ.

ಈಗ ಬಟ್ಟೆ ತರುವ ಮಾತು. ಅರಿವೆ ಅಂಗಡಿಯಲ್ಲಿ ಮೊದಲು ಪನ್ನಾ, ಅಂದರೆ ಬಟ್ಟೆಯ ಅಗಲ, ಕೇಳ್ರಿ. 44 ಇಂಚಿನ ಪನ್ನಾ ಇದ್ದರೆ ದೊಡ್ಡವರ ಮೊಣಕಾಲುದ್ದದ ಅಂಗಿಗೆ ಎರಡೂವರೆಯಿಂದ 3 ಮೀಟರ್ ಬೇಕು, ಎಂಟು ವರ್ಷದ ಹುಡುಗಿಯ ಫ್ರಾಕಿಗೆ ಒಂದೂವರೆ ಮೀಟರ್ ಸಾಕು. 36 ಇಂಚಿನದಾದರೆ ಹೆಚ್ಚು ಬೇಕಾಗುತ್ತದೆ. ಆಮೇಲೆ ಬಟ್ಟೆ ಬಿಚ್ಚಿಸಿ ಚಿತ್ರದ ದಿಕ್ಕು ನೋಡ್ರಿ. ಎಲ್ಲ ಆನೆಗಳ ತಲೆ ಒಂದೇ ಕಡೆಗೆ ಇದೆಯೋ, ಅಥವಾ ಅರ್ಧ ಮೇಲಕ್ಕೆ ಅರ್ಧ ಕೆಳಕ್ಕೆ ಇವೆಯೋ? ಮೇಲೆ ಕೆಳಗೆ ಎರಡೂ ಇದ್ದರೆ ಹೆಂಗೆ ಬೇಕಾದರೂ ಕತ್ತರಿಸಬಹುದು, ಹೊಸಬರಿಗೆ ಇದೇ ಒಳ್ಳೆಯದು. ಒಂದೇ ದಿಕ್ಕಿನದಾದರೆ ತುಂಡುಗಳನ್ನು ತಿರುಗಿಸಿ ಮುರುಗಿಸಿ ಹೊಂದಿಸಲು ಬರುವುದಿಲ್ಲ, ಕಾಲು ಮೀಟರ್ ಹೆಚ್ಚಿಗೆ ತಗೊಳ್ರಿ. ಚಿತ್ರ ಅಂಗೈಗಿಂತ ದೊಡ್ಡದಾಗಿದ್ದರೆ ಮೊದಲ ಸಲಕ್ಕೆ ಬೇಡ. ದೊಡ್ಡ ಸೂರ್ಯಕಾಂತಿ ಎದೆಯ ಮೇಲೆ ಎರಡೂ ಕಡೆ ಸರಿಯಾಗಿ ಬಂದು ಕೂತರೆ ಏನಾಗುತ್ತದೆ ಅನ್ನುವುದನ್ನು ರೇಡಿಯೋದಲ್ಲಿ ಬಿಡಿಸಿ ಹೇಳುವ ಅಗತ್ಯ ಇಲ್ಲ.

ಬಟ್ಟೆ ಹತ್ತಿಯದೇ ಇರಲಿ. ಮೂಡಲಗಿ, ಗೋಕಾಕದ ಬೇಸಿಗೆಗೆ ಅದೇ ತಕ್ಕದ್ದು, ಹುಕ್ಕೇರಿಯಿಂದ ಪಶ್ಚಿಮಕ್ಕೆ ಮಳೆ ಜಾಸ್ತಿ ಇರುವ ಕಡೆ ಸ್ವಲ್ಪ ದಪ್ಪ ಪಾಪ್ಲಿನ್ ತಗೊಳ್ರಿ. ಜಾರುವ ಸಿಂಥೆಟಿಕ್ಕು ಕತ್ತರಿಯ ಕೆಳಗೆ ನಿಲ್ಲುವುದಿಲ್ಲ, ಅಗ್ಗ ಅಂತ ಮೋಸ ಹೋಗಬೇಡ್ರಿ.

ತಂದ ಬಟ್ಟೆಯನ್ನು ಅವತ್ತೇ ಕತ್ತರಿಸುವುದು ಬೇಡ. ನೀರಿನಲ್ಲಿ ನೆನೆಯಿಟ್ಟು, ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿದ ಮೇಲೆ ಕತ್ತರಿ. ಗೋಕಾಕ ಫಾಲ್ಸಿನಲ್ಲಿ ಘಟಪ್ರಭೆಯ ನೀರಿನ ಬಲದ ಮೇಲೆ 1887ರಲ್ಲಿ ಶುರುವಾದ ನೂಲಿನ ಗಿರಣಿ ಇದೆಯಲ್ಲ, ಅಲ್ಲಿ ದುಡಿದವರು ಮನೆಯಲ್ಲಿದ್ದರೆ ಕೇಳ್ರಿ, ನೂಲಿನ ಸ್ವಭಾವ ಹೇಳುತ್ತಾರೆ. ಮಗ್ಗದಲ್ಲಿ ನೂಲನ್ನು ಎಳೆದು ಬಿಗಿಹಿಡಿದು ನೇಯುತ್ತಾರೆ, ನೀರು ಕಂಡ ಕೂಡಲೇ ಅದು ಬಿಗುವು ಬಿಟ್ಟು ಗಿಡ್ಡಾಗುತ್ತದೆ. ನೂರಕ್ಕೆ ಐದರಂತೆ ಕುಗ್ಗಿದರೂ 3 ಮೀಟರಿನಲ್ಲಿ 15 ಸೆಂಟಿಮೀಟರ್ ಹೋಯಿತು. ಹೊಲಿದ ಮೇಲೆ ಕುಗ್ಗಿದ ಅಂಗಿಗೆ ಯಾವ ಉಪಾಯವೂ ಇಲ್ಲ. ಬಣ್ಣ ಬಿಡುತ್ತದೋ ಅಂತಲೂ ಆಗಲೇ ಗೊತ್ತಾಗುತ್ತದೆ: ಒದ್ದೆ ಮೂಲೆಯ ಮೇಲೆ ಬಿಳೀ ಅರಿವೆ ತಿಕ್ಕಿ ನೋಡಿದರೆ ಆಯಿತು.

ಅಳತೆಗೆ ಟೇಪು ಹಿಡಿದು ಒದ್ದಾಡುವುದಕ್ಕಿಂತ ನಿಮಗೆ ಸರಿಯಾಗಿ ಕೂಡುವ ಹಳೇ ಟಾಪೊಂದನ್ನು ಬಟ್ಟೆಯ ಮೇಲೆ ಹಾಸಿ ಚಾಕಿನಿಂದ ಗೆರೆ ಎಳೆಯುವುದು ಮೇಲು. ಕಣ್ಣಿಗೆ ಕಾಣುವ ಅಳತೆಯ ಮೇಲೆ ಹೊಲಿಗೆಗಂತ ಜಾಗ ಬಿಡ್ರಿ, ಬದಿಗಳಿಗೆ ಒಂದೊಂದು ಇಂಚಿಗೆ ಕಡಿಮೆ ಬೇಡ. ಇಲ್ಲಿ ಒಂದು ನಿಯಮ ಇದೆ, ನಾನು ಕಂಡ ಒಳ್ಳೆಯ ಟೇಲರುಗಳೆಲ್ಲ ಪಾಲಿಸುವುದು ಇದನ್ನೇ: ಮೈಯ ಅಗಲ, ಉದ್ದ ಯಾವಾಗಲೂ ಹೆಚ್ಚಿಗೆ ಕತ್ತರಿಸ್ರಿ, ಕುತ್ತಿಗೆ ಮತ್ತು ಬಗಲಿನ ಸುತ್ತು ಯಾವಾಗಲೂ ಕಡಿಮೆ ಕತ್ತರಿಸ್ರಿ. ಕುತ್ತಿಗೆ ಸಣ್ಣದಾದರೆ ಇನ್ನಷ್ಟು ತೆಗೆಯಬಹುದು, ತೆಗೆದದ್ದನ್ನು ತಿರುಗಿ ಅಂಟಿಸಲು ಆಗುವುದಿಲ್ಲ. ಅದಕ್ಕೂ ಮಿಗಿಲಾಗಿ, ಹೊಲಿದು ಮಡಚಿದಾಗ ಕುತ್ತಿಗೆ ಸುತ್ತ ಕಾಲು ಇಂಚು ತಾನಾಗಿಯೇ ಅಗಲಾಗುತ್ತದೆ, ಓರೆ ಕತ್ತರಿಸಿದ ಅಂಚು ಕೈಯಾಡಿಸಿದಷ್ಟೂ ಹಿಗ್ಗುತ್ತದೆ. ಕತ್ತರಿಸಿದ ಕೂಡಲೇ ಅಂಚಿನ ಪಕ್ಕದಲ್ಲಿ ಒಂದು ಸಾಲು ಹೊಲಿಗೆ ಓಡಿಸಿಬಿಟ್ಟರೆ ಹಿಗ್ಗುವುದು ನಿಲ್ಲುತ್ತದೆ.

ಮಶೀನು ಮೋಟರಿನದೋ ಪೆಡಲಿನದೋ ಅನ್ನುವ ಪ್ರಶ್ನೆ ಬರುತ್ತದೆ. ಹುಕ್ಕೇರಿಯವರಿಗೆ 1969ರಿಂದ ಕರೆಂಟು ಕೊಡುವ ಸ್ವಂತ ಸಹಕಾರಿ ಸಂಘವೇ ಇದೆ, ಮೋಟರ್ ಹಚ್ಚಿಕೊಳ್ಳಲಿ, ತಕರಾರಿಲ್ಲ. ಆದರೆ ಕಲಿಯುವಾಗ ಕಾಲಿನ ಪೆಡಲೇ ಸೈ, ತಪ್ಪು ನಡೆಯುವ ವೇಗ ಕಡಿಮೆ ಇರುತ್ತದೆ. ತೆಳು ಹತ್ತಿಗೆ 11ನೇ ನಂಬರ್ ಸೂಜಿ, ಸಾಧಾರಣ ಹತ್ತಿಗೆ 14. ಬಟ್ಟೆಯ ಕೆಳಗೆ ದಾರ ಗುಂಜು ಕಟ್ಟಿದರೆ ಎಲ್ಲರೂ ಬಾಬಿನ್ ಬಿಚ್ಚಿ ಕೂಡುತ್ತಾರೆ. ದೋಷ ಬಹಳ ಸಲ ಮೇಲಿನ ದಾರದ್ದು, ತೆಗೆದು ಮೊದಲಿನಿಂದ ಪೋಣಿಸಿ ನೋಡ್ರಿ. ದಾರದ ಬಣ್ಣ ಚಿತ್ರದ್ದಲ್ಲ, ಬಟ್ಟೆಯ ನೆಲದ ಬಣ್ಣದ್ದಿರಲಿ.

ಇಷ್ಟೆಲ್ಲ ಮಾಡಿದರೂ ತಪ್ಪಾಗುತ್ತದೆ. ಆಗಲಿ. ಯಾವುದನ್ನು ಬಿಚ್ಚಬೇಕು, ಯಾವುದನ್ನು ಬಿಡಬೇಕು ಅನ್ನುವುದು ಗೊತ್ತಿದ್ದರೆ ಸಾಕು. ಟಾಕಿ ಸಡಿಲಾಗಿ ಜಗ್ಗಿದರೆ ಬಾಯಿ ತೆರೆಯುವ ಹೊಲಿಗೆಯನ್ನು ಬಿಚ್ಚಲೇಬೇಕು. ಎಡತೋಳು ಬಲಕ್ಕೆ ಕೂತಿದ್ದರೂ ಬಿಚ್ಚಬೇಕು, ಯಾಕೆಂದರೆ ತೋಳಿನ ಮುಂದಿನ ಕೊರೆ ಹಿಂದಿನದಕ್ಕಿಂತ ಆಳ, ಅದಲುಬದಲಾದರೆ ಕೈ ಚಾಚಿದಾಗೆಲ್ಲ ಅಂಗಿ ಎಳೆಯುತ್ತದೆ. ಇವು ಮೈಗೆ ತೊಂದರೆ ಕೊಡುವ ತಪ್ಪುಗಳು. ಉಳಿದವುಗಳಲ್ಲಿ ಬಹಳಷ್ಟು ಬರೀ ಕಣ್ಣಿಗೆ, ಅದೂ ನಿಮ್ಮ ಕಣ್ಣಿಗೆ ಮಾತ್ರ ಕಾಣುವಂಥವು.

ಬದಿಯ ಹೊಲಿಗೆಯಲ್ಲಿ ಅರ್ಧ ಗಿಳಿ ಈ ಕಡೆ, ಅರ್ಧ ಮಾವು ಆ ಕಡೆ ಕೂಡಿ ಹೊಸ ಪ್ರಾಣಿ ಹುಟ್ಟಿದರೆ ಬಿಟ್ಟುಬಿಡ್ರಿ, ಕೈ ಕೆಳಗೆ ಬಿಟ್ಟಾಗ ಅದು ಮುಚ್ಚಿಹೋಗುತ್ತದೆ. ಬೆನ್ನ ಮೇಲೆ ಆನೆಗಳೆಲ್ಲ ತಲೆಕೆಳಗಾದವೋ? ಚಿತ್ರ ಸಣ್ಣದಿದ್ದರೆ ಹಾಗೇ ಹಾಕಿಕೊಳ್ರಿ, ಮಕ್ಕಳಿಗೆ ಅದೇ ಹೆಚ್ಚು ಇಷ್ಟವಾಗುತ್ತದೆ. ಕುತ್ತಿಗೆ ಅಗಲಾದರೆ ಮುಂದುಗಡೆ ನಡುವೆ ಎರಡು ಮೂರು ಸಣ್ಣ ನಿರಿಗೆ ಹಿಡಿದರೆ ಕೂಡಿಕೊಳ್ಳುತ್ತದೆ, ಬೇಕೆಂದೇ ಮಾಡಿದ ಡಿಸೈನ್ ಅಂತಾರೆ. ಬಗಲು ಬಿಗಿಯಾದರೆ ಅಲ್ಲಿನ ಹೊಲಿಗೆ ಬಿಚ್ಚಿ ಮೂರು ಇಂಚಿನ ಚೌಕ ತುಂಡನ್ನು ಮೂಲೆಯಾಗಿ ಕೂಡಿಸ್ರಿ, ಹಳೇ ಕಾಲದ ಗಂಡಸರ ಜುಬ್ಬಾಗಳಲ್ಲಿ ಇದು ಮೊದಲಿನಿಂದಲೂ ಇತ್ತು. ಇನ್ನು ಎಲ್ಲಕ್ಕಿಂತ ಎದೆ ನಡುಗಿಸುವ ತಪ್ಪು, ಅಂಚು ಸವರುವಾಗ ಕತ್ತರಿ ಹೋಗಿ ನಡು ಬಟ್ಟೆಗೆ ತೂತು ಬೀಳುವುದು. ಸಾದಾ ಬಟ್ಟೆಯಾಗಿದ್ದರೆ ಅಂಗಿ ಹೋದಂತೆಯೇ. ಚಿತ್ತಾರದ ಬಟ್ಟೆಯಲ್ಲಿ ಉಳಿದ ತುಂಡಿನಿಂದ ಒಂದು ಗಿಳಿಯನ್ನು ಸುತ್ತಲೂ ಸ್ವಲ್ಪ ಅಂಚು ಬಿಟ್ಟು ಕತ್ತರಿಸಿ, ಅಂಚು ಒಳಗೆ ಮಡಚಿ, ತೂತಿನ ಮೇಲೆ ಕೂಡಿಸಿ ಸಣ್ಣ ತುರುಪು ಹಾಕ್ರಿ. ಒಂದು ಗಿಳಿ ಹೆಚ್ಚಾಯಿತು, ಎಣಿಸುವವರು ಯಾರು?

ಬಟ್ಟೆ ಸಾಲಲಿಲ್ಲ ಅನ್ನುವುದಕ್ಕೂ ದಾರಿ ಇದೆ. ಅಮೆರಿಕದಲ್ಲಿ 1930ರ ದಶಕದ ಮುಗ್ಗಟ್ಟಿನ ಕಾಲಕ್ಕೆ ಹಳ್ಳಿಯ ಹೆಂಗಸರು ಹಿಟ್ಟು, ಕೋಳಿಕಾಳು ತುಂಬಿ ಬರುವ ಹತ್ತಿ ಚೀಲ ಬಿಚ್ಚಿ ಅಂಗಿ ಹೊಲಿಯುತ್ತಿದ್ದರು. ಅದನ್ನು ಕಂಡ ಕಂಪನಿಗಳು ಚೀಲಗಳ ಮೇಲೇ ಹೂವು, ಪ್ರಾಣಿ ಅಚ್ಚು ಹಾಕಿಸುತ್ತಿದ್ದವು. ಒಂದು ಚೀಲಕ್ಕೆ ದೊಡ್ಡವರ ಅಂಗಿ ಆಗುತ್ತಿರಲಿಲ್ಲ, ಹೊಂದುವ ಇನ್ನಷ್ಟು ಚೀಲ ಬೇಕಾಗುತ್ತಿತ್ತು. ನಮಗೆ ಅಷ್ಟು ಕಷ್ಟ ಇಲ್ಲ. ಗುಳೇದಗುಡ್ಡದ ಖಣ ಒಂದು ಇದ್ದರೆ ಎದೆಯ ಮೇಲಿನ ಯೋಕ್ ಆಯಿತು, ಇಲ್ಲವೇ ಅಂಗಿಯ ಕೆಳಗೆ ಅಂಚು ಕೊಟ್ಟು ಉದ್ದ ಮಾಡಬಹುದು. ಖಣವನ್ನು ಮಾತ್ರ ಮೊದಲು ಬೇರೆಯಾಗಿ ತೊಳೆದು ನೋಡ್ರಿ, ಬಣ್ಣ ಬಿಟ್ಟರೆ ಬಿಳೀ ಬೆಕ್ಕುಗಳೆಲ್ಲ ಕೆಂಪಾಗುತ್ತವೆ.

ಹೊಲಿಗೆಯನ್ನೇ ಉದ್ಯೋಗ ಮಾಡಿಕೊಂಡವರಿಗೆ ಒಂದು ಮಾತು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯೂ ಇದೆ. ತರಬೇತಿಯ ವೇಳೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು. ಮನೆಗೆ ಒಬ್ಬರಿಗೆ ಮಾತ್ರ. ದರ್ಜಿಗಳ ನೋಂದಣಿ ಈಗ ತೆರೆದಿದೆಯೋ ಅಂತ ಕಾಮನ್ ಸರ್ವಿಸ್ ಸೆಂಟರಿನಲ್ಲಿ ವಿಚಾರಿಸ್ರಿ.

ಕಡೆಗೆ, ಜೇಬು. ರೆಡಿಮೇಡ್ ಅಂಗಡಿಯವರು ಹೆಂಗಸರ ಅಂಗಿಗೆ ಜೇಬು ಇಡುವುದನ್ನೇ ಮರೆತಿದ್ದಾರೆ, ನಾವೇ ಹೊಲಿಯುವಾಗ ಮರೆಯುವುದು ಬೇಡ. ಸೊಂಟದಿಂದ ಎರಡೂವರೆ ಇಂಚು ಕೆಳಗೆ, ಎರಡೂ ಬದಿಯ ಹೊಲಿಗೆಯಲ್ಲಿ ಆರು ಇಂಚು ಬಾಯಿ ಬಿಡ್ರಿ. ಒಳಚೀಲಕ್ಕೆ ತೆಳು ಅಸ್ತರು ಬೇಡ, ಹಳೇ ಗಟ್ಟಿ ಪಾಪ್ಲಿನ್ ಇರಲಿ, ಕೈ ಮಣಿಕಟ್ಟಿನವರೆಗೆ ಇಳಿಯುವಷ್ಟು ಆಳ ಇರಲಿ. ಬಾಯಿಯ ಮೇಲಿನ, ಕೆಳಗಿನ ಎರಡೂ ಮೂಲೆಗೆ ಹಿಂದೆ ಮುಂದೆ ಓಡಿಸಿ ಗಟ್ಟಿ ಹೊಲಿಗೆ ಹಾಕ್ರಿ, ಮೊಬೈಲಿನ ಭಾರಕ್ಕೆ ಮೊದಲು ಬಿಚ್ಚುವುದು ಅಲ್ಲಿಯೇ.